ಮುಡಿಪಿನ ಗಂಟು: ಗುರುದೀಕ್ಷೆಯಲ್ಲಿ ಅರ್ಪಣೆಯಾಗುವುದು ಯಾರು?

ಪ್ರಶ್ನೆ: ನಮ್ಮ ಅಕ್ಕನ ಮಗನಿಗೆ ಇತ್ತೀಚೆಗೆ ಗುರುದೀಕ್ಷೆಯಾಯಿತು, ಕಥೋಲಿಕ ಪಾದ್ರಿಯಾದ. ಪೂಜಾಪೀಠದ ಮುಂದೆ ಅವನು ಹೆಣದಂತೆ ಬೋರಲು ಮಲಗಿದ್ದನ್ನು ಕಂಡು ಅಕ್ಕ ಅತ್ತುಬಿಟ್ಟಳು. ಅದಾದ ಮೇಲೆ ಹಾರ, ಸನ್ಮಾನ, ಅವನ ಕೈಗೆ ಮುತ್ತಿಡಲು ಸಾಲು. ಇದು ಅವನಿಗೆ ಸಿಕ್ಕ ಗೌರವವೋ ಅವನು ಕೊಟ್ಟ ಬಲಿಯೋ ನನಗೆ ತಿಳಿಯಲಿಲ್ಲ. ಯೊವಾನ್ನರ ಶುಭಸಂದೇಶದಲ್ಲಿ ಯೇಸುಸ್ವಾಮಿ, ‘ಅವರಿಗೋಸ್ಕರ ನನ್ನನ್ನು ಪ್ರತಿಷ್ಠಿಸಿಕೊಳ್ಳುತ್ತೇನೆ’ ಎನ್ನುತ್ತಾರೆ. ಪವಿತ್ರರೇ ಆದವರು ತಮ್ಮನ್ನು ಮತ್ತೆ ಪ್ರತಿಷ್ಠಿಸಿಕೊಳ್ಳುವುದೆಂದರೇನು? ಕ್ರಿಸ್ತರ ಬಲಿ ಒಮ್ಮೆಗೇ ಪೂರ್ಣವಾಗಿದ್ದರೆ ನಮ್ಮ ಹುಡುಗನ ಬಲಿಗೆ ಏನು ಅರ್ಥ?

ಉತ್ತರ: ನಿಮ್ಮ ಗೊಂದಲದ ಅರ್ಧ ಭಾಗ ಒಂದು ಪದದಲ್ಲೇ ಅಡಗಿದೆ. ‘ಪ್ರತಿಷ್ಠೆ’ ಎಂದಕೂಡಲೇ ನಮಗೆ ನೆನಪಾಗುವುದು ಪ್ರತಿಷ್ಠಿತ ಮನೆತನ, ಪ್ರತಿಷ್ಠೆಯ ಕಣ, ಪ್ರತಿಷ್ಠೆಗೆ ಬಿದ್ದು ಕೋರ್ಟು ಹತ್ತಿದ ಅಣ್ಣತಮ್ಮಂದಿರು. ಮಾನ ಹೆಚ್ಚುವುದು, ಎತ್ತರದಲ್ಲಿ ಕೂರುವುದು ಎಂಬ ಅರ್ಥವೇ ದಿನದ ಮಾತಿನಲ್ಲಿ ಉಳಿದುಬಿಟ್ಟಿದೆ. ಕನ್ನಡ ಬೈಬಲನ್ನು ಓದುವವನ ಕಿವಿಗೂ ಆ ಸದ್ದು ಬಿದ್ದೇ ಬೀಳುತ್ತದೆ. ತರಗತಿಯಲ್ಲಿ ಈ ಭಾಗದ ಪಾಠ ಮಾಡುವಾಗ ನಾನು ಆ ಪದವನ್ನು ಸ್ವಲ್ಪ ಹೊತ್ತು ಬದಿಗಿಟ್ಟು, ನಮ್ಮ ಮನೆಗಳಲ್ಲೇ ಇರುವ ಇನ್ನೊಂದು ಪದವನ್ನು ಕೈಗೆತ್ತಿಕೊಳ್ಳುತ್ತೇನೆ. ಅದು ಮುಡಿಪು.

ಮಗುವಿಗೆ ಜ್ವರ ಇಳಿಯದಿದ್ದಾಗ ತಾಯಿ ಒಂದು ನಾಣ್ಯವನ್ನು ಅರಿಶಿನದ ಬಟ್ಟೆಯಲ್ಲಿ ಗಂಟು ಕಟ್ಟಿ ದೇವರ ಗೂಡಿನಲ್ಲಿಡುತ್ತಾಳೆ. ಮರುದಿನ ಮನೆಯಲ್ಲಿ ಹಾಲಿಗೆ ಕಾಸಿಲ್ಲದಿದ್ದರೂ ಯಾರೂ ಆ ಗಂಟು ಬಿಚ್ಚುವುದಿಲ್ಲ. ನಾಣ್ಯ ಚಿನ್ನವಾಗಿಲ್ಲ, ಅದರ ಬೆಲೆ ಒಂದು ಕಾಸೂ ಏರಿಲ್ಲ. ಅದರ ಯಜಮಾನ ಮಾತ್ರ ಬದಲಾಗಿದ್ದಾನೆ. ಹೀಬ್ರೂ ಭಾಷೆಯ ‘ಕಾದೋಶ್’ ಎಂಬ ಮಾತಿನ ಒಳಗಿರುವುದು ಇದೇ ಭಾವ. ಬೇರೆ ತೆಗೆದಿಟ್ಟದ್ದು, ದೇವರದಾದದ್ದು. ಧರ್ಮೋಪದೇಶಕಾಂಡದ 15ನೇ ಅಧ್ಯಾಯದಲ್ಲಿ ಬರುವ ಒಂದು ನಿಯಮ ರೈತರ ಮಕ್ಕಳಿಗೆ ಚೆನ್ನಾಗಿ ಅರ್ಥವಾಗುತ್ತದೆ. ಹಿಂಡಿನ ಚೊಚ್ಚಲು ಗಂಡನ್ನು ದೇವರಿಗೆ ಮೀಸಲಿಡಬೇಕು. ಚೊಚ್ಚಲು ಹೋರಿಯನ್ನು ನೊಗಕ್ಕೆ ಕಟ್ಟಬಾರದು, ಚೊಚ್ಚಲು ಕುರಿಯ ಉಣ್ಣೆ ಕತ್ತರಿಸಬಾರದು. ಅದರಿಂದ ನಿನಗೆ ಲಾಭ ಬರಕೂಡದು, ಏಕೆಂದರೆ ಅದು ನಿನ್ನದಲ್ಲ. ಮೀಸಲಾದ ಆ ಪ್ರಾಣಿ ಹೋಗಿ ಸೇರುತ್ತಿದ್ದುದು ದೇವರ ಸನ್ನಿಧಿಯ ಬಲಿಗೆ. ಮೀಸಲು ಮತ್ತು ಬಲಿ ಒಂದೇ ದಾರಿಯ ಎರಡು ತುದಿ ಎಂಬುದನ್ನು ಇಸ್ರಯೇಲಿನ ಮಗುವೂ ಬಲ್ಲದಾಗಿತ್ತು. ನಾವು ಮರೆತಿದ್ದೇವೆ.

ಈಗ ಯಾಜಕಕಾಂಡದ 8ನೇ ಅಧ್ಯಾಯಕ್ಕೆ ಬನ್ನಿ. ಮೋಶೆ ತನ್ನ ಅಣ್ಣ ಆರೋನನಿಗೂ ಅವನ ಮಕ್ಕಳಿಗೂ ಯಾಜಕ ದೀಕ್ಷೆ, ಅಂದರೆ ಜನರ ಪರವಾಗಿ ದೇವರಿಗೆ ಬಲಿ ಅರ್ಪಿಸುವವರ ದೀಕ್ಷೆ, ಕೊಡುವ ಪ್ರಸಂಗ. ಅವರನ್ನು ನೀರಿನಿಂದ ತೊಳೆದು, ಉಡುಪು ತೊಡಿಸಿ, ಎಣ್ಣೆ ಸುರಿದು ಅಭಿಷೇಕ ಮಾಡಿದ ಮೇಲೆ ಮೂರು ಪ್ರಾಣಿಗಳ ಬಲಿ ನಡೆಯುತ್ತದೆ. ಮೂರನೆಯದು ದೀಕ್ಷೆಯ ಟಗರು. ಅದರ ರಕ್ತವನ್ನು ಮೋಶೆ ಆರೋನನ ಬಲಗಿವಿಯ ತುದಿಗೆ, ಬಲಗೈಯ ಹೆಬ್ಬೆರಳಿಗೆ, ಬಲಗಾಲಿನ ಹೆಬ್ಬೆಟ್ಟಿಗೆ ಹಚ್ಚುತ್ತಾನೆ. ಇನ್ನು ಮುಂದೆ ಆ ಕಿವಿ ಕೇಳುವುದು, ಆ ಕೈ ಮಾಡುವುದು, ಆ ಕಾಲು ನಡೆಯುವುದು ಯಾರಿಗಾಗಿ ಎಂಬುದನ್ನು ರಕ್ತದಲ್ಲೇ ಬರೆದಿಟ್ಟ ಹಾಗೆ. ಅನಂತರ ಟಗರಿನ ಕೊಬ್ಬು, ತೊಡೆ, ರೊಟ್ಟಿ ಎಲ್ಲವನ್ನೂ ಅವರ ಅಂಗೈಗಳ ಮೇಲಿಡುತ್ತಾನೆ. ಅವರು ಅದನ್ನು ದೇವರ ಮುಂದೆ ಆಡಿಸಿ ತೋರಿಸುತ್ತಾರೆ; ಬಳಿಕ ಮೋಶೆ ಅದನ್ನು ಅವರ ಕೈಯಿಂದ ತೆಗೆದು ಬೆಂಕಿಗೆ ಒಪ್ಪಿಸುತ್ತಾನೆ. ಏಳು ದಿನ ಅವರು ಗುಡಾರದ ಬಾಗಿಲು ಬಿಟ್ಟು ಕದಲುವಂತಿಲ್ಲ.

ಯಾಜಕ ದೀಕ್ಷೆಗೆ ಹೀಬ್ರೂ ಭಾಷೆಯಲ್ಲಿ ಇರುವ ಮಾತೇ ‘ಕೈ ತುಂಬುವುದು’. ನಮ್ಮಲ್ಲಿ ಮಗಳನ್ನು ಕಳಿಸಿಕೊಡುವಾಗ ಮಡಿಲು ತುಂಬುತ್ತೇವೆ. ಅವಳು ಅದನ್ನು ಹೊತ್ತು ಇನ್ನೊಂದು ಮನೆಗೆ ನಡೆಯುತ್ತಾಳೆ. ಯಾಜಕನ ಕೈ ತುಂಬಿದರೆ ಅದು ತಕ್ಷಣವೇ ಖಾಲಿಯಾಗುತ್ತದೆ. ಅವನ ಕೈಗೆ ಬಂದದ್ದು ಅವನಿಗಲ್ಲ, ದಾಟಿಸುವುದಕ್ಕೆ. ಈ ಕೈಯ ಚಿತ್ರವನ್ನು ಮನಸ್ಸಿನಲ್ಲಿಟ್ಟುಕೊಳ್ಳಿ, ಮುಂದೆ ಬೇಕಾಗುತ್ತದೆ.

ಇಷ್ಟಾದರೂ ಹಳೆಯ ಒಡಂಬಡಿಕೆಯಲ್ಲಿ ಒಂದು ಬಿರುಕು ಉಳಿದೇ ಇತ್ತು. ಬಲಿ ಕೊಡುವವನು ಒಬ್ಬ, ಸಾಯುವ ಪ್ರಾಣಿ ಇನ್ನೊಂದು. ಯಾಜಕ ಸಂಜೆಗೆ ಕೈ ತೊಳೆದು ಮನೆಗೆ ಹೋಗುತ್ತಿದ್ದ. ನೀವು ಉದ್ಧರಿಸಿದ ವಾಕ್ಯ ಆ ಬಿರುಕನ್ನು ಮುಚ್ಚುತ್ತದೆ.

ಯೊವಾನ್ನರ 17ನೇ ಅಧ್ಯಾಯ ನಡೆಯುವುದು ಕಡೆಯ ಭೋಜನದ ರಾತ್ರಿ. ಬಂಧನಕ್ಕೆ ಇನ್ನು ಸ್ವಲ್ಪವೇ ಹೊತ್ತು. ಅಲ್ಲಿ ಯೇಸುಸ್ವಾಮಿ ಬಳಸುವ ಗ್ರೀಕ್ ಕ್ರಿಯಾಪದ ‘ಹಾಗಿಯಾಝೋ’. ಹೀಬ್ರೂ ಗ್ರಂಥಗಳ ಹಳೆಯ ಗ್ರೀಕ್ ಅನುವಾದದಲ್ಲಿ ಆರೋನನ ದೀಕ್ಷೆಗೂ ಇದೇ ಪದ, ನೊಗಕ್ಕೆ ಕಟ್ಟಬಾರದ ಆ ಚೊಚ್ಚಲು ಹೋರಿಯನ್ನು ಮೀಸಲಿಡುವುದಕ್ಕೂ ಇದೇ ಪದ. ಯಾಜಕನಿಗೂ ಬಲಿಪಶುವಿಗೂ ಸಲ್ಲುವ ಮಾತನ್ನು ಅವರು ತಮ್ಮೊಬ್ಬರ ಮೇಲೆಯೇ ತಂದುಕೊಳ್ಳುತ್ತಾರೆ. ಜೊತೆಗೆ ‘ಅವರಿಗೋಸ್ಕರ’ ಎಂಬ ಮಾತು. ಒಳ್ಳೆಯ ಕುರುಬ ಕುರಿಗಳಿಗೋಸ್ಕರ ಪ್ರಾಣ ಕೊಡುತ್ತಾನೆ ಎನ್ನುವಲ್ಲಿಯೂ ಅದೇ ಸಣ್ಣ ಗ್ರೀಕ್ ಪದವಿದೆ. ನಾಲ್ಕನೆಯ ಶತಮಾನದ ಕೊನೆಗೆ ಅಂತಿಯೋಕ್ಯದಲ್ಲಿ ಬೋಧಿಸುತ್ತಿದ್ದ ಸಂತ ಯೊವಾನ್ನ ಕ್ರಿಸೊಸ್ತೋಮರು ಈ ವಾಕ್ಯಕ್ಕೆ ಸುತ್ತುಬಳಸಿಲ್ಲದೆ ಅರ್ಥ ಹೇಳಿದರು: ‘ನಿಮಗೆ ಬಲಿಯನ್ನು ಅರ್ಪಿಸುತ್ತೇನೆ’ ಎಂಬುದೇ ಇದರ ಅರ್ಥ ಎಂದು. ಹಾಗಾಗಿ ‘ಪವಿತ್ರರೇ ಆದವರು ಮತ್ತೆ ಪವಿತ್ರರಾಗುವುದೇನು’ ಎಂಬ ಪ್ರಶ್ನೆಗೆ ಇಲ್ಲಿ ಜಾಗವಿಲ್ಲ. ಇಲ್ಲದ ಪವಿತ್ರತೆಯನ್ನು ಅವರು ಪಡೆಯುತ್ತಿಲ್ಲ. ತಮ್ಮನ್ನೇ ಮುಡಿಪಿನ ಗಂಟಿಗೆ ಕಟ್ಟಿಕೊಳ್ಳುತ್ತಿದ್ದಾರೆ. ಯಾರೂ ಅವರನ್ನು ಹಿಡಿದು ಕಟ್ಟುವ ಮೊದಲೇ.

ನಿಮ್ಮ ಎರಡನೆಯ ಪ್ರಶ್ನೆ ಕಠಿಣವಾದದ್ದು. ಅದನ್ನು ಹಗುರ ಮಾಡಲು ನನಗೆ ಮನಸ್ಸಿಲ್ಲ. ಇಬ್ರಿಯರಿಗೆ ಬರೆದ ಪತ್ರ ‘ಒಮ್ಮೆಗೇ’ ಎಂಬ ಮಾತನ್ನು ಪಟ್ಟು ಹಿಡಿದು ಹೇಳುತ್ತದೆ. ಹಳೆಯ ಯಾಜಕರು ದಿನದಿನವೂ ನಿಂತು ಬಲಿ ಕೊಡುತ್ತಿದ್ದರು. ಕ್ರಿಸ್ತರು ಒಂದೇ ಬಲಿ ಕೊಟ್ಟು ಕುಳಿತುಕೊಂಡರು. ಕುಳಿತರು ಎಂದರೆ ಕೆಲಸ ಮುಗಿಯಿತು. ಇನ್ನೊಂದು ಸಂಗತಿಯನ್ನೂ ಮುಚ್ಚಿಡಬಾರದು. ಹೊಸ ಒಡಂಬಡಿಕೆ ಸಭೆಯ ಮುಖ್ಯಸ್ಥರನ್ನು ಹಿರಿಯರು, ಮೇಲ್ವಿಚಾರಕರು ಎನ್ನುತ್ತದೆಯೇ ಹೊರತು ಅವರಲ್ಲಿ ಯಾರನ್ನೂ ‘ಯಾಜಕ’ ಎಂದು ನೇರವಾಗಿ ಕರೆಯುವುದಿಲ್ಲ. ಆ ಬಿರುದು ಇರುವುದು ಕ್ರಿಸ್ತರಿಗೆ ಮತ್ತು ಇಡೀ ಭಕ್ತಜನಕ್ಕೆ. ಎಲ್ಲ ಭಕ್ತರೂ ಯಾಜಕರೇ ಎಂದು 1520ರಲ್ಲಿ ಮಾರ್ಟಿನ್ ಲೂಥರ್ ಎತ್ತಿದ ವಾದದ ಬೇರು ಇಲ್ಲೇ ಇದೆ. ಇಂದಿಗೂ ಪ್ರೊಟೆಸ್ಟೆಂಟ್ ಸಭೆಗಳ ಅಯ್ಯನವರು ತಮ್ಮನ್ನು ಬಲಿ ಅರ್ಪಿಸುವ ಯಾಜಕರೆಂದು ಸಾಮಾನ್ಯವಾಗಿ ಹೇಳಿಕೊಳ್ಳುವುದಿಲ್ಲ.

ಕಥೋಲಿಕ ಧರ್ಮಸಭೆಯ ಉತ್ತರ ಹೀಗಿದೆ. 1562ರಲ್ಲಿ ಟ್ರೆಂಟ್ ಮಹಾಸಭೆ ಹೇಳಿದಂತೆ ಬಲಿಪೂಜೆಯಲ್ಲಿ ಯಾಜಕರೂ ಕ್ರಿಸ್ತರೇ, ಬಲಿಯೂ ಕ್ರಿಸ್ತರೇ. ಅರ್ಪಿಸುವ ರೀತಿ ಮಾತ್ರ ಬೇರೆ. ಶಿಲುಬೆಗೆ ಇನ್ನೊಂದು ಬಲಿಯನ್ನು ಯಾರೂ ಕೂಡಿಸುತ್ತಿಲ್ಲ. ಹಾಗಾದರೆ ನಿಮ್ಮ ಅಳಿಯ ಏನು ಕೊಟ್ಟ? ಕ್ರಿಸ್ತರು ಕೊಟ್ಟದ್ದು ಇಂದಿನ ಜನರ ಕೈಗೆ ತಲುಪಲು ಒಂದು ಬಾಯಿ ಬೇಕು, ಎರಡು ಕೈ ಬೇಕು. ಅವನು ಅದನ್ನು ಕೊಟ್ಟ. ಪೂಜೆಯಲ್ಲಿ ಗಮನಿಸಿ: ಯಾಜಕ ‘ಇದು ಕ್ರಿಸ್ತರ ದೇಹ’ ಎಂದು ದೂರ ನಿಂತು ವರದಿ ಮಾಡುವುದಿಲ್ಲ. ‘ಇದು ನಿಮಗಾಗಿ ಒಪ್ಪಿಸಲಾಗುವ ನನ್ನ ದೇಹ’ ಎನ್ನುತ್ತಾನೆ. ನನ್ನ! ಮಾತು ಕ್ರಿಸ್ತರದು, ನಾಲಿಗೆ ಇವನದು. ದಿನವೂ ಆ ಮಾತು ಆಡಿ, ತನ್ನ ದೇಹ, ತನ್ನ ಹೊತ್ತು, ತನ್ನ ನಿದ್ದೆ ಯಾರಿಗೂ ಒಪ್ಪಿಸದೆ ಇದ್ದರೆ, ಬಲಿಪೂಜೆ ಸಿಂಧುವಾದೀತು, ಅವನ ಬಾಯಲ್ಲಿ ಆ ‘ನನ್ನ’ ಎಂಬುದು ಮಾತ್ರ ಸುಳ್ಳಾಗಿ ಉಳಿಯುತ್ತದೆ. ‘ಬಲಿಯಾದ್ದರಿಂದಲೇ ಅವರು ಯಾಜಕ’ ಎಂದು ಸಂತ ಅಗಸ್ಟೀನರು ಕ್ರಿಸ್ತರ ಬಗ್ಗೆ ಬರೆದರು. ಕ್ರಿಸ್ತರ ಹೆಸರಿನಲ್ಲಿ ನಿಲ್ಲುವವನಿಗೂ ಬೇರೆ ದಾರಿಯಿಲ್ಲ ಎಂದೇ ನನ್ನ ನಂಬಿಕೆ.

ನೀವು ಕಣ್ಣಾರೆ ಕಂಡ ವಿಧಿಯನ್ನು ಈಗ ಇನ್ನೊಮ್ಮೆ ನೋಡೋಣ. ಎಲ್ಲರ ನೆನಪಿನಲ್ಲಿ ಉಳಿಯುವುದು ಬೋರಲು ಮಲಗಿದ ಆ ಕ್ಷಣ. ಅದಕ್ಕೂ ಮೊದಲು ಧರ್ಮಾಧ್ಯಕ್ಷರು (ಬಿಷಪ್) ಕೆಲವು ಪ್ರಶ್ನೆ ಕೇಳುತ್ತಾರೆ. ಬೋಧಿಸುವೆಯಾ, ಸಂಸ್ಕಾರಗಳನ್ನು ಶ್ರದ್ಧೆಯಿಂದ ಆಚರಿಸುವೆಯಾ, ಪ್ರಾರ್ಥಿಸುವೆಯಾ. ಅಭ್ಯರ್ಥಿ ಪ್ರತಿಸಲವೂ ‘ಸಿದ್ಧನಿದ್ದೇನೆ’ ಎನ್ನುತ್ತಾನೆ. ಆ ಸಾಲಿನ ಕೊನೆಯ ಪ್ರಶ್ನೆ ಬೇರೆ ಬಗೆಯದು: ನಮಗಾಗಿ ತಮ್ಮನ್ನೇ ನಿರ್ಮಲ ಬಲಿಯಾಗಿ ಒಪ್ಪಿಸಿದ ಮಹಾಯಾಜಕ ಕ್ರಿಸ್ತರೊಡನೆ ದಿನದಿಂದ ದಿನಕ್ಕೆ ಹೆಚ್ಚು ಒಂದಾಗಿ, ಅವರ ಜೊತೆಗೇ ನಿನ್ನನ್ನೂ ಜನರ ಉದ್ಧಾರಕ್ಕಾಗಿ ದೇವರಿಗೆ ಮುಡಿಪಾಗಿಡುವೆಯಾ? ಇದೊಂದಕ್ಕೆ ಮಾತ್ರ ಉತ್ತರ ಬೇರೆ: ‘ದೇವರ ನೆರವಿನಿಂದ, ಸಿದ್ಧನಿದ್ದೇನೆ.’ ಬೋಧಿಸುವುದಕ್ಕೆ, ಪ್ರಾರ್ಥಿಸುವುದಕ್ಕೆ ‘ಸಿದ್ಧ’ ಎಂದರೆ ಸಾಕು. ತನ್ನನ್ನೇ ಕೊಡುವ ಮಾತು ಬಂದಾಗ ಮನುಷ್ಯನ ಸಂಕಲ್ಪ ಸಾಲದು ಎಂದು ವಿಧಿಗೇ ಗೊತ್ತಿದೆ. ಎಷ್ಟೋ ದೀಕ್ಷೆಗಳಲ್ಲಿ ಈ ಕ್ಷಣ ಕ್ಯಾಮರಾದವರ ಗಡಿಬಿಡಿಯಲ್ಲಿ ಕಳೆದುಹೋಗುವುದನ್ನು ಕಂಡು ನನಗೆ ಸಂಕಟವಾಗಿದೆ.

ಆಮೇಲೆ ಅವನು ತನ್ನ ಜೋಡಿಸಿದ ಕೈಗಳನ್ನು ಧರ್ಮಾಧ್ಯಕ್ಷರ ಕೈಗಳೊಳಗಿಟ್ಟು ವಿಧೇಯತೆಯ ಮಾತು ಕೊಡುತ್ತಾನೆ. ನೆಲಕ್ಕೊರಗುತ್ತಾನೆ; ಸುತ್ತ ನಿಂತವರು ಸಂತರೆಲ್ಲರ ಹೆಸರು ಕರೆದು ಅವನಿಗಾಗಿ ಬೇಡುತ್ತಾರೆ. ಧರ್ಮಾಧ್ಯಕ್ಷರು ಮಾತಿಲ್ಲದೆ ತಲೆಯ ಮೇಲೆ ಕೈಗಳನ್ನಿಡುತ್ತಾರೆ. ದೀಕ್ಷೆಯ ತಿರುಳು ಈ ಹಸ್ತಸ್ಪರ್ಶ ಮತ್ತು ಅದರ ಬೆನ್ನಿಗೆ ಬರುವ ಪ್ರಾರ್ಥನೆ ಎಂದು 1947ರಲ್ಲಿ ಪೋಪ್ ಹನ್ನೆರಡನೆಯ ಪಯಸ್ ಸ್ಪಷ್ಟಪಡಿಸಿದರು. ಮೌನದಲ್ಲಿ, ಎಂಬುದನ್ನು ಗಮನಿಸಿ. ಅಂಗೈಗಳಿಗೆ ಪರಿಮಳ ತೈಲದ ಅಭಿಷೇಕ ಅದರ ನಂತರ. ಕೊನೆಗೆ ಜನರು ತಂದ ರೊಟ್ಟಿಯ ತಟ್ಟೆಯನ್ನೂ ದ್ರಾಕ್ಷಾರಸದ ಪಾತ್ರೆಯನ್ನೂ ಅದೇ ಕೈಗಳಲ್ಲಿಟ್ಟು, ನೀನು ಮಾಡುವುದೇನೆಂದು ಅರಿತುಕೋ, ಆಚರಿಸುವುದನ್ನೇ ಬಾಳು, ಶಿಲುಬೆಯ ರಹಸ್ಯಕ್ಕೆ ನಿನ್ನ ಬದುಕನ್ನು ಹೊಂದಿಸಿಕೋ ಎಂಬ ಅರ್ಥದ ಮಾತು ಹೇಳುತ್ತಾರೆ. ಆರೋನನ ಕೈ ತುಂಬಿದ್ದು ನೆನಪಾಯಿತೇ?

1968ರಲ್ಲಿ ಪರಿಷ್ಕೃತ ವಿಧಿ ಬರುವವರೆಗೆ ಇಲ್ಲಿ ಇನ್ನೊಂದು ಕ್ರಮವಿತ್ತು. ಎಣ್ಣೆ ಸವರಿದ ಎರಡು ಕೈಗಳನ್ನೂ ಸೇರಿಸಿ ಬಿಳಿಯ ನಾರುಬಟ್ಟೆಯಿಂದ ಕಟ್ಟುತ್ತಿದ್ದರು. ಆ ಬಟ್ಟೆಯನ್ನು ಹೊಸ ಗುರುವಿನ ತಾಯಿಗೆ ಕೊಡುವುದು, ಅವಳು ತೀರಿಕೊಂಡಾಗ ಅವಳ ಕೈಗೆ ಅದನ್ನೇ ಸುತ್ತಿ ಮಣ್ಣು ಮಾಡುವುದು ಹಲವು ಕಡೆಯ ವಾಡಿಕೆ. ಮೊದಲ ಸಲ ಇದನ್ನು ಓದಿದಾಗ ನನಗೆ ಕಂಡದ್ದು ನನ್ನ ಅಜ್ಜಿಯ ಗೂಡಿನ ಅರಿಶಿನದ ಗಂಟು. ಬಟ್ಟೆಯಲ್ಲಿ ಕಟ್ಟಿಟ್ಟ ಮಗ.

ಹೀಗೆ ಕಟ್ಟಿಸಿಕೊಂಡ ಒಬ್ಬರ ಹೆಜ್ಜೆ ನಮ್ಮ ಕರಾವಳಿಯಲ್ಲೇ ಇದೆ. ಸಂತ ಜೋಸೆಫ್ ವಾಜ್ 1651ರಲ್ಲಿ ಗೋವಾದ ಬೆಣಾವ್ಲಿಯಲ್ಲಿ ಹುಟ್ಟಿದ ಕೊಂಕಣಿ ಮನೆಮಾತಿನವರು, 1676ರಲ್ಲಿ ಗುರುಗಳಾದರು. ಮರುವರ್ಷ ಆಗಸ್ಟ್ 5ರಂದು ತಮ್ಮ ತಂದೆಯೂರಾದ ಸಾಂಕ್ವಾಳದ ಇಗರ್ಜಿಯಲ್ಲಿ ಒಂದು ಪತ್ರ ಬರೆದು, ತಾವು ಮರಿಯಮ್ಮನವರ ಶಾಶ್ವತ ಗುಲಾಮ ಎಂದು ಸಹಿ ಹಾಕಿದರು. ಅದು ದಾಸ್ಯಪತ್ರವೆಂದೇ ಪ್ರಸಿದ್ಧ. ಗುಲಾಮರನ್ನು ನಿಜವಾಗಿಯೇ ಮಾರುತ್ತಿದ್ದ ಕಾಲ ಅದು. ಆ ಪದಕ್ಕೆ ಆಗ ಭಕ್ತಿಗೀತೆಯ ಮೃದುತನವಿರಲಿಲ್ಲ. ಮಾರಿಕೊಂಡವನಿಗೆ ತನ್ನದೆಂಬುದಿಲ್ಲ.

1681ರಿಂದ 1684ರವರೆಗೆ ಅವರು ಕೆನರಾದಲ್ಲಿದ್ದರು. ಪೋರ್ಚುಗೀಸರ ಕಡೆಯ ಅಧಿಕಾರಕ್ಕೂ ರೋಮಿನಿಂದ ನೇಮಕವಾದ ಧರ್ಮಾಧ್ಯಕ್ಷರಿಗೂ ನಡುವಿನ ಜಗಳದಲ್ಲಿ ಇಲ್ಲಿನ ಕ್ರೈಸ್ತರು ಒಡೆದುಹೋಗಿದ್ದ ಹೊತ್ತು. ಮಂಗಳೂರು, ಬಸ್ರೂರು, ಗಂಗೊಳ್ಳಿ ಎಂದು ಅಲೆದು ಜನರನ್ನು ಒಟ್ಟುಗೂಡಿಸಿದರು. ಮಂಗಳೂರಿನ ಸಮೀಪದ ಗುಡ್ಡದಲ್ಲಿ ಅವರ ಪುಣ್ಯಕ್ಷೇತ್ರವಿದೆ. ಸಾಯುತ್ತಿರುವವನಿದ್ದಾನೆ, ಬನ್ನಿ ಎಂದು ಸುಳ್ಳು ಹೇಳಿ ವೈರಿಗಳು ರಾತ್ರಿ ಅವರನ್ನು ಅಲ್ಲಿಗೆ ಕರೆದೊಯ್ದರಂತೆ, ಅವರು ಮೊಣಕಾಲೂರಿದಲ್ಲಿ ನೀರು ಚಿಮ್ಮಿತಂತೆ. ಜನ ಹೇಳುವ ಕತೆ. ಆ ಊರಿನ ಹೆಸರು ಮುಡಿಪು. ಹೆಸರಿನ ಮೂಲ ಏನೇ ಇರಲಿ, ಆ ಬಸ್ ಬೋರ್ಡು ಕಂಡಾಗಲೆಲ್ಲ ನನಗೆ ದಾಸ್ಯಪತ್ರ ನೆನಪಾಗುತ್ತದೆ.

ಮುಂದೆ 1687ರಲ್ಲಿ ಅವರು ಸಿಂಹಳಕ್ಕೆ ಹೊರಟರು. ಡಚ್ಚರು ಅಲ್ಲಿನ ಕರಾವಳಿಯನ್ನು ಗೆದ್ದು ಕಥೋಲಿಕ ಗುರುಗಳನ್ನು ನಿಷೇಧಿಸಿ ಸುಮಾರು ಮೂರು ದಶಕಗಳಾಗಿದ್ದವು. ಗುರುವಿನ ನಿಲುವಂಗಿಯಲ್ಲಿ ಹೋಗುವಂತಿರಲಿಲ್ಲ. ಗುಲಾಮನೆಂದು ಸಹಿ ಹಾಕಿದ್ದವರು ಹತ್ತು ವರ್ಷದ ನಂತರ ಕೂಲಿಯವನ ವೇಷದಲ್ಲಿ, ಬರಿಗಾಲಲ್ಲಿ ದಡ ಮುಟ್ಟಿದರು. ಕೊರಳಿಗೆ ಜಪಮಾಲೆ ಹಾಕಿಕೊಂಡು ಮನೆಮನೆಗೆ ಭಿಕ್ಷೆಗೆ ಹೋಗಿ, ಅದನ್ನು ಕಂಡು ಯಾರ ಮುಖ ಅರಳುತ್ತದೆ ಎಂದು ನೋಡಿ ಕಥೋಲಿಕರನ್ನು ಗುರುತಿಸಿದರು. ಕ್ಯಾಂಡಿಯಲ್ಲಿ ಪೋರ್ಚುಗೀಸರ ಗೂಢಚಾರನೆಂಬ ಶಂಕೆಯ ಮೇಲೆ ಸೆರೆಮನೆ. 1697ರಲ್ಲಿ ಅಲ್ಲಿ ಸಿಡುಬು ಎದ್ದಿತು. ಮನೆಯವರೇ ಬಿಟ್ಟುಹೋದ ರೋಗಿಗಳಿಗೆ ಗುಡಿಸಲು ಕಟ್ಟಿ, ಹುಣ್ಣು ತೊಳೆದು, ಉಣಿಸಿ, ಸತ್ತವರನ್ನು ಹೂತರು. ಕ್ರೈಸ್ತರೋ ಅಲ್ಲವೋ ಎಂದು ಕೇಳಲಿಲ್ಲ. 1711ರ ಜನವರಿ 16ರಂದು ಅದೇ ಊರಿನಲ್ಲಿ ತೀರಿಕೊಂಡರು. 2015ರಲ್ಲಿ ಪೋಪ್ ಫ್ರಾನ್ಸಿಸ್ ಕೊಲಂಬೋದಲ್ಲಿ ಅವರನ್ನು ಸಂತರೆಂದು ಘೋಷಿಸಿದರು. ಅವರನ್ನು ಯಾರೂ ಕೊಲ್ಲಲಿಲ್ಲ. ಬಲಿ ಎಂದರೆ ರಕ್ತ ಚೆಲ್ಲಲೇಬೇಕು ಎಂದುಕೊಂಡವರಿಗೆ ನಾನು ಇವರ ಕತೆಯನ್ನೇ ಹೇಳುವುದು ಅದಕ್ಕಾಗಿ. ಇಪ್ಪತ್ತನಾಲ್ಕು ವರ್ಷ ಚಿಲ್ಲರೆ ಚಿಲ್ಲರೆಯಾಗಿ ಖರ್ಚಾದ ಬಾಳು ಅದು.

ಇಲ್ಲಿ ಒಂದು ಎಚ್ಚರದ ಮಾತು ಹೇಳಲೇಬೇಕು. ಆತ್ಮಾರ್ಪಣೆಯ ಭಾಷೆಯನ್ನು ಕೆಟ್ಟದಾಗಿ ಬಳಸಿದ್ದೂ ಇದೆ. ‘ನೀನು ಅರ್ಪಿಸಿಕೊಂಡವನಲ್ಲವೇ’ ಎಂದು ಎಳೆಯ ಗುರುವಿನ ಮೇಲೆ ಮೂವರ ಕೆಲಸ ಹೇರುವುದು, ಅವನು ಬಳಲಿ ಒಳಗೊಳಗೇ ಒಣಗಿಹೋದರೆ ಅದಕ್ಕೆ ಶಿಲುಬೆ ಎಂದು ಹೆಸರಿಡುವುದು ತಪ್ಪು. ಚೊಚ್ಚಲು ಹೋರಿಯನ್ನು ನೊಗಕ್ಕೆ ಕಟ್ಟಬೇಡ ಎಂದ ನಿಯಮ ಅವನನ್ನೂ ಕಾಯಬೇಕು: ದೇವರದಾದುದನ್ನು ನಿಮ್ಮ ಲಾಭಕ್ಕೆ ದುಡಿಸುವ ಹಕ್ಕು ನಿಮಗಿಲ್ಲ. ಇದರ ಇನ್ನೊಂದು ಮುಖ ಇನ್ನೂ ಕೆಟ್ಟದ್ದು. ‘ನಾನು ಅಭಿಷಿಕ್ತ, ನನ್ನನ್ನು ಕೇಳುವವರಾರು’ ಎಂದು ಮುಡಿಪನ್ನೇ ಅಧಿಕಾರ ಮಾಡಿಕೊಳ್ಳುವುದು. ಹಾಗೆ ಮಾಡಿದವನು ಗಂಟು ಬಿಚ್ಚಿ ನಾಣ್ಯ ಜೇಬಿಗಿಳಿಸಿದ ಹಾಗೆಯೇ. ಅರ್ಪಣೆ ನಿಜವೋ ಅಲ್ಲವೋ ಎಂದು ತಿಳಿಯಲು ನಾನು ಒಂದೇ ಪ್ರಶ್ನೆ ಕೇಳಿಕೊಳ್ಳುತ್ತೇನೆ: ಇದರಿಂದ ಯಾರಿಗೆ ಜೀವ ಬಂತು? ಯೇಸುಸ್ವಾಮಿಯ ವಾಕ್ಯದಲ್ಲಿ ‘ಅವರಿಗೋಸ್ಕರ’ ಎಂಬುದೇ ಮೊದಲು ಬರುತ್ತದೆ. ಬ್ರಹ್ಮಚರ್ಯವನ್ನೇ ಬಲಿ ಎಂದುಕೊಳ್ಳುವವರೂ ಇದ್ದಾರೆ. ಅದು ಲತೀನ್ ಸಭೆಯ, ಅಂದರೆ ಪಶ್ಚಿಮದ ಕಥೋಲಿಕ ಪರಂಪರೆಯ, ಶಿಸ್ತು. ಪೂರ್ವದ ಸಭೆಗಳಲ್ಲಿ ಹೆಂಡತಿ ಮಕ್ಕಳಿರುವ ಗುರುಗಳಿದ್ದಾರೆ, ಅವರ ಯಾಜಕತ್ವಕ್ಕೆ ಕೊರತೆಯಿಲ್ಲ.

ಮತ್ತೆ, ಈ ಮುಡಿಪು ನಿಮ್ಮ ಅಳಿಯನೊಬ್ಬನದೇ ಅಲ್ಲ. ಜ್ಞಾನಸ್ನಾನದ ದಿನ ನಿಮ್ಮ ತಲೆಗೂ ಅದೇ ಪರಿಮಳ ತೈಲ ಹಚ್ಚಿದ್ದಾರೆ. ಎಲ್ಲ ಭಕ್ತರ ಯಾಜಕತ್ವ, ದೀಕ್ಷೆ ಪಡೆದ ಗುರುಗಳ ಯಾಜಕತ್ವ ಎರಡೂ ಬೇರೆ ಬಗೆಯವು, ಆದರೂ ಒಂದಕ್ಕೊಂದು ಬೆಸೆದುಕೊಂಡಿವೆ ಎಂದು ಎರಡನೆಯ ವ್ಯಾಟಿಕನ್ ಮಹಾಸಭೆ 1964ರಲ್ಲಿ ಹೇಳಿತು. ನಿಮ್ಮ ದೇಹಗಳನ್ನು ಜೀವಂತ ಬಲಿಯಾಗಿ ಒಪ್ಪಿಸಿರಿ ಎಂದು ಪೌಲರು ರೋಮಿನವರಿಗೆ ಬರೆದಾಗ ಅದನ್ನು ಓದಿಸಿಕೊಂಡವರು ಸಂಸಾರಿಗಳು, ಕಸುಬುದಾರರು, ಆಳುಗಳು. ಹಾಸಿಗೆ ಹಿಡಿದ ಅತ್ತೆಯನ್ನು ಮಗ್ಗುಲು ಬದಲಿಸಿ ಮಲಗಿಸುವ ಸೊಸೆ ಅರ್ಪಿಸುವುದೂ ಅದನ್ನೇ. ಗುರು ಬಲಿಪೀಠದಲ್ಲಿ ‘ನನ್ನ ಮತ್ತು ನಿಮ್ಮ ಬಲಿ’ ಎನ್ನುತ್ತಾನಲ್ಲ, ಆ ‘ನಿಮ್ಮ’ದರಲ್ಲಿ ಅದೆಲ್ಲ ಸೇರಿದೆ. ಅವನ ದೀಕ್ಷೆ ಇರುವುದೇ ನಿಮ್ಮದನ್ನು ಕೈಯಲ್ಲಿ ಹಿಡಿದು ಮೇಲಕ್ಕೆತ್ತುವುದಕ್ಕೆ.

ನಿಮ್ಮ ಅಕ್ಕ ಅತ್ತದ್ದು ಸರಿಯಾಗಿಯೇ ಇತ್ತು. ಅವರು ಏನನ್ನು ಕಂಡರೋ ಅದನ್ನೇ ವಿಧಿಯೂ ಹೇಳುತ್ತಿತ್ತು. ಬೆಲ್ಜಿಯಮ್ಮಿನ ರೈತನ ಮಗ ದಾಮಿಯನ್ 1860ರಲ್ಲಿ ಪ್ಯಾರಿಸ್ಸಿನಲ್ಲಿ ಸನ್ಯಾಸ ವ್ರತ ತೊಟ್ಟಾಗ, ಮಲಗಿದ ಅವರ ಮೇಲೆ ಹೆಣಕ್ಕೆ ಹೊದಿಸುವ ಕಪ್ಪು ವಸ್ತ್ರವನ್ನೇ ಹೊದಿಸಿದ್ದರು. 1864ರಲ್ಲಿ ಹವಾಯಿಯ ಹೊನೊಲುಲುವಿನಲ್ಲಿ ಅವರ ಅಂಗೈಗಳಿಗೆ ಎಣ್ಣೆ ಹಚ್ಚಿದರು. 1873ರ ಮೇ ತಿಂಗಳಲ್ಲಿ, ಕುಷ್ಠರೋಗಿಗಳನ್ನು ಗಡೀಪಾರು ಮಾಡಿ ಇಟ್ಟಿದ್ದ ಮೊಲೊಕಾಯಿ ದ್ವೀಪಕ್ಕೆ ಹೋಗಲು ತಾವಾಗಿ ಮುಂದೆ ಬಂದರು. ವ್ರತದ ದಿನ ಹೊದ್ದ ಆ ವಸ್ತ್ರವನ್ನು ನೆನೆದೇ ಬಂದೆ ಎಂದು ಬರೆದಿದ್ದಾರೆ. ಆ ಕೈಗಳು ಅಲ್ಲಿ ಹುಣ್ಣು ತೊಳೆದವು, ಮನೆ ಕಟ್ಟಿದವು, ಶವಪೆಟ್ಟಿಗೆ ಮಾಡಿದವು, ಗುಂಡಿ ತೋಡಿದವು, ರೊಟ್ಟಿ ಮುರಿದವು, ಕೊನೆಗೆ ತಾವೂ ಕುಷ್ಠ ಹಿಡಿದು ಬಾತವು. 1889ರ ಏಪ್ರಿಲ್ 15ರಂದು, 49ನೇ ವಯಸ್ಸಿನಲ್ಲಿ ಅವರು ತೀರಿಕೊಂಡರು. 1936ರಲ್ಲಿ ಬೆಲ್ಜಿಯಂ ತನ್ನ ಮಗನ ದೇಹವನ್ನು ಕೇಳಿ ತರಿಸಿಕೊಂಡಿತು. 1995ರಲ್ಲಿ ಅವರ ಬಲಗೈಯನ್ನು ಮಾತ್ರ ಸಾಗರ ದಾಟಿಸಿ ಮೊಲೊಕಾಯಿಗೆ ಹಿಂದಕ್ಕೆ ಕಳಿಸಿದರು. ಕಲಾವಾವೊದಲ್ಲಿ, ಅವರ ಮೊದಲಿನ ಸಮಾಧಿಯಲ್ಲೇ, ತನ್ನ ಜನರ ನಡುವೆ ಅದು ಮಣ್ಣಿನಲ್ಲಿದೆ.